ಈ ಕಾರ್ಟೂನ್ ನಮ್ಮ ಮಗುವಿಗೆ ತಕ್ಕದ್ದೇ? ಮಕ್ಕಳ ವೈದ್ಯೆಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ತಾಯಿ, ವಿರಾಜಪೇಟೆ): ಮೇಡಂ, ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ. ನಾಯಿಮರಿ ಮತ್ತು ಅದರ ಗೆಳೆಯರ ಒಂದು ಕಾರ್ಟೂನ್ ಎಂದರೆ ಅವಳಿಗೆ ಪ್ರಾಣ. ಮೊಬೈಲ್ ಆ್ಯಪ್‌ನಲ್ಲಿ ಅದು 'ಪ್ರೀಸ್ಕೂಲ್' ವಿಭಾಗದಲ್ಲೇ ಬರುತ್ತದೆ. ಹೊಡೆದಾಟ, ಕೆಟ್ಟ ಮಾತು ಇಲ್ಲ. ಪ್ರತಿ ಕಂತಿನ ಕೊನೆಗೆ ಒಂದು ನೀತಿಯೂ ಇರುತ್ತದೆ. ಆದರೆ ನಿಲ್ಲಿಸಿದ ಕೂಡಲೇ ನೆಲಕ್ಕೆ ಬಿದ್ದು ಅಳುತ್ತಾಳೆ. ಅದರಲ್ಲಿ ಒಂದು ಬೆಕ್ಕಿನ ಮರಿಯನ್ನು ಉಳಿದವರು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಇವಳೂ ಅಂಗನವಾಡಿಯಲ್ಲಿ ಬೇರೆ ಮಕ್ಕಳಿಗೆ 'ನೀನು ಬರಬೇಡ ಹೋಗು' ಎನ್ನುತ್ತಾಳಂತೆ. ನಮ್ಮ ಯಜಮಾನರು 'ಮಕ್ಕಳಿಗೆಂದೇ ಮಾಡಿದ್ದು, ನಿನಗೇಕೆ ಚಿಂತೆ' ಎನ್ನುತ್ತಾರೆ. ನಾನು ಯಾವ ಆಧಾರದ ಮೇಲೆ ತೀರ್ಮಾನಿಸಲಿ?

ಉತ್ತರ (ಮಕ್ಕಳ ವೈದ್ಯೆ, ಮಡಿಕೇರಿ): ನೀವು ಗಮನಿಸಿರುವ ಎರಡೂ ಸಂಗತಿ ಮುಖ್ಯವಾದವು. ಆ್ಯಪ್ ಹಾಕಿದ ಹೆಸರಿಗಿಂತ ನಿಮ್ಮ ಕಣ್ಣನ್ನೇ ಹೆಚ್ಚು ನಂಬಿ.

ನಮ್ಮ ದೇಶದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಇಂಟರ್ನೆಟ್ ಮೂಲಕ ಸಿನಿಮಾ, ಕಾರ್ಯಕ್ರಮ ತೋರಿಸುವ ಒಟಿಟಿ ವೇದಿಕೆಗಳು 'ಯು', 'ಯು/ಎ 7+' ಎಂಬಂಥ ಗುರುತು ಹಾಕಬೇಕು. 'ಯು' ಎಂದರೆ ಎಲ್ಲ ವಯಸ್ಸಿನವರಿಗೂ ತಕ್ಕದ್ದು. 'ಯು/ಎ 7+' ಎಂದರೆ ಏಳು ವರ್ಷದೊಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು. ಹಿಂಸೆ ಇದೆಯೇ, ಭಾಷೆ ಹೇಗಿದೆ, ಹೆದರಿಸುವಂಥದ್ದು ಇದೆಯೇ ಎಂಬುದನ್ನು ಈ ಗುರುತುಗಳು ನೋಡುತ್ತವೆ. ಮೂರು ವರ್ಷದ ಮಗುವಿಗೆ ಕಥೆ ಅರ್ಥವಾಗುತ್ತದೆಯೇ ಎಂಬ ವಿಷಯ ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ಅದನ್ನು ಮನೆಯಲ್ಲಿಯೇ ನೋಡಬೇಕು.

ಮೊದಲು ಆ ನೀತಿಯ ವಿಷಯ. ಹತ್ತು ನಿಮಿಷದ ಕಂತಿನಲ್ಲಿ ಒಂಬತ್ತು ನಿಮಿಷ ಬೆಕ್ಕಿನ ಮರಿಯನ್ನು ದೂರವಿಟ್ಟು, ಕೊನೆಯ ಒಂದು ನಿಮಿಷದಲ್ಲಿ 'ಎಲ್ಲರನ್ನೂ ಸೇರಿಸಿಕೊಳ್ಳಬೇಕು' ಎಂದರೆ ನಮಗೆ ಅದು ಒಳ್ಳೆಯ ಕಥೆ. ಮೂರು ವರ್ಷದ ಮಗು ಕೊನೆಯ ಮಾತನ್ನು ಹಿಂದಿನ ಒಂಬತ್ತು ನಿಮಿಷಕ್ಕೆ ಜೋಡಿಸಲಾರದು. ಅದರ ಮನಸ್ಸಿನಲ್ಲಿ ಉಳಿಯುವುದು ದೂರವಿಟ್ಟದ್ದೇ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೂರೇ ಕಾಲಿನ ನಾಯಿಯನ್ನು ಉಳಿದ ನಾಯಿಗಳು ಮೊದಲು ದೂರವಿಟ್ಟು ಆಮೇಲೆ ಸ್ನೇಹ ಮಾಡುವ ಕಂತನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಿದ್ದರು. ನಮಗಿಂತ ಬೇರೆಯಾಗಿರುವ ಯಾರನ್ನೂ ದೂರವಿಡಬಾರದು ಎಂಬ ನೀತಿ ಹೆಚ್ಚಿನ ಮಕ್ಕಳಿಗೆ ಹೊಳೆಯಲೇ ಇಲ್ಲ. ಆ ಮಕ್ಕಳು ನಿಮ್ಮ ಮಗಳಿಗಿಂತ ದೊಡ್ಡವರು. ಅವಳು ಅಂಗನವಾಡಿಯಲ್ಲಿ ಹೇಳುತ್ತಿರುವುದು ದುಷ್ಟತನವಲ್ಲ, ಕಲಿತ ಪಾಠ. ಬೈಯಬೇಡಿ. ಆ ದೃಶ್ಯ ಬಂದಾಗ ನಿಲ್ಲಿಸಿ, 'ಪಾಪ, ಬೆಕ್ಕಿನ ಮರಿಗೆ ಅಳು ಬರುತ್ತಿದೆ, ಅಲ್ಲವೇ?' ಎಂದು ಆಗಲೇ ಹೇಳಿ. ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ ಎಂದಾದರೆ ಆ ಕಾರ್ಟೂನ್ ಸದ್ಯಕ್ಕೆ ಬೇಡ.

ಎರಡನೆಯದು, ಅದು ತಲೆಯ ಮೇಲೆ ಏನೇನನ್ನು ಎಷ್ಟು ಬೇಗ ಸುರಿಯುತ್ತದೆ ಎಂಬುದು. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಅತಿ ವೇಗದ ಕಾರ್ಟೂನ್, ಇನ್ನೊಂದಕ್ಕೆ ನಿಧಾನವಾದದ್ದು, ಮತ್ತೊಂದಕ್ಕೆ ಬಣ್ಣದ ಪೆನ್ಸಿಲ್. ಎಲ್ಲರಿಗೂ ಒಂಬತ್ತೇ ನಿಮಿಷ. ಕೂಡಲೇ ಪರೀಕ್ಷಿಸಿದಾಗ, ತಾಳ್ಮೆಯಿಂದ ಕಾಯುವುದರಲ್ಲಿ, ಹೇಳಿದ್ದನ್ನು ನೆನಪಿಟ್ಟು ಮಾಡುವುದರಲ್ಲಿ ಮೊದಲ ಗುಂಪಿನವರು ಹಿಂದೆ ಬಿದ್ದರು. ಅದೇ ತಂಡ 2015ರಲ್ಲಿ ಇನ್ನಷ್ಟು ಕೆದಕಿದಾಗ, ಬರಿಯ ವೇಗಕ್ಕಿಂತ, ಲೋಕದಲ್ಲಿ ನಡೆಯಲಾಗದ ಘಟನೆಗಳು ಒಂದರ ಮೇಲೊಂದು ಬರುವುದೇ ಹೆಚ್ಚು ದಣಿಸುತ್ತದೆ ಎಂದು ಕಂಡಿತು. ಇದು ನೋಡಿದ ಕೂಡಲೇ ಅಳೆದ ಪರಿಣಾಮ. ಮಗುವಿನ ಬುದ್ಧಿ ಕೆಟ್ಟೇ ಹೋಯಿತು ಎಂದು ಯಾರೂ ಹೆದರಬೇಕಿಲ್ಲ. ಆದರೆ ಅಂಗನವಾಡಿಗೆ ಹೊರಡುವ ಮುನ್ನ, ಮಲಗುವ ಮುನ್ನ ಅಂಥದ್ದನ್ನು ಹಾಕಬಾರದು ಎನ್ನಲು ಅಷ್ಟು ಸಾಕು.

ನಾಳೆ ಅವಳ ಜೊತೆ ಒಂದು ಕಂತನ್ನು ಪೂರ್ತಿ ನೋಡಿ. ಸಂಜೆ 'ಆ ನಾಯಿಮರಿ ಏನು ಮಾಡಿತು?' ಎಂದು ಕೇಳಿ. 'ಮಳೆ ಬಂತು, ಮನೆಗೆ ಹೋಯಿತು, ಅಮ್ಮ ಒರೆಸಿದಳು' ಎಂದು ತೊದಲಿದರೂ ಸರಿ, ಅವಳಿಗೆ ಕಥೆ ಸಿಕ್ಕಿದೆ. 'ಡಮಾರ್, ಬಿತ್ತು, ಡುಂ' ಇಷ್ಟೇ ಬಂದರೆ ಅವಳು ನೋಡಿದ್ದು ಬರಿಯ ಬಣ್ಣ ಮತ್ತು ಸದ್ದು. ನೋಡಿದ ನಂತರ ಏನು ಆಡುತ್ತಾಳೆ ಎಂದೂ ಗಮನಿಸಿ. ಬೊಂಬೆಗೆ ಊಟ ಮಾಡಿಸುತ್ತಾ ಕಥೆಯನ್ನು ಮುಂದುವರಿಸಿದರೆ ನನಗೆ ಸಂತೋಷ. ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾ ಸುಮ್ಮನೆ ಓಡಾಡಿದರೆ ಬೇರೆ ಕಾರ್ಟೂನ್ ಹುಡುಕಿ.

ಒಂದೇ ಕಂತನ್ನು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ. ಅಮೆರಿಕದಲ್ಲಿ 1996ರಲ್ಲಿ ಶುರುವಾದ 'ಬ್ಲೂಸ್ ಕ್ಲೂಸ್' ಒಂದೇ ಕಂತನ್ನು ವಾರದ ಐದೂ ದಿನ ತೋರಿಸುತ್ತಿತ್ತು. ಪ್ರಶ್ನೆ ಕೇಳಿ ಮಗು ಉತ್ತರಿಸಲೆಂದು ಸುಮ್ಮನಿರುತ್ತಿತ್ತು. ಪುನರಾವರ್ತನೆಯಿಂದ ಮಕ್ಕಳಿಗೆ ಹೆಚ್ಚು ಅರ್ಥವಾಗುತ್ತದೆ ಎಂದು ತಿಳಿದೇ ಹಾಗೆ ಮಾಡಿದ್ದು.

ನಿಲ್ಲಿಸಿದಾಗಿನ ಅಳು ಮಾತ್ರ ಎಷ್ಟೋ ಸಲ ಕಾರ್ಟೂನಿನ ತಪ್ಪಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾದರೆ ಮಗುವಿಗೆ 'ಮುಗಿಯಿತು' ಎಂಬುದೇ ತಿಳಿಯುವುದಿಲ್ಲ. ಆಟೋಪ್ಲೇ ತೆಗೆದುಹಾಕಿ, ಕಂತು ಮುಗಿದಾಗಲೇ ನಿಲ್ಲಿಸಿ. ನಡುವೆ ಕಿತ್ತುಕೊಂಡರೆ ನಾವೂ ಸಿಟ್ಟಾಗುತ್ತೇವೆ.

ಪ್ರಶ್ನೆ (ತಂದೆ, ಕುಶಾಲನಗರ): ಡಾಕ್ಟರೇ, ನಾವೆಲ್ಲ ಬೆಕ್ಕು ಇಲಿ ಹೊಡೆದಾಡುವುದನ್ನು ನೋಡಿಯೇ ಬೆಳೆದವರು. ನಮಗೇನೂ ಆಗಿಲ್ಲವಲ್ಲ?

ಉತ್ತರ: ಸರ್, ನಮಗೆ ಆಗ ಏಳೆಂಟು ವರ್ಷ. ಟಿ.ವಿ.ಯಲ್ಲಿ ಅದಕ್ಕೊಂದು ಹೊತ್ತು, ಮುಗಿದರೆ ಮುಗಿಯಿತು. ಮಳೆಗಾಲದಲ್ಲಿ ಕರೆಂಟೇ ಇರುತ್ತಿರಲಿಲ್ಲ. ಎರಡೂವರೆ ವರ್ಷದ ಮಗು ಮೂಲೆಯಲ್ಲಿ ಒಂಟಿಯಾಗಿ ಕುಳಿತು ಗಂಟೆಗಟ್ಟಲೆ ನೋಡುವುದು ಬೇರೆಯೇ ಸ್ಥಿತಿ. ಎರಡನ್ನೂ ಹೋಲಿಸಲಾಗದು.

ಪ್ರಶ್ನೆ (ತಂದೆ, ತಿತಿಮತಿ ಹತ್ತಿರ): ಮೇಡಂ, ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕಪತ್ರ ನೋಡುವವನು. ನಾಲ್ಕು ವರ್ಷದ ಮಗಳು ಆನೆಮರಿಯ ಕಾರ್ಟೂನ್ ನೋಡುತ್ತಾಳೆ. ಬಹಳ ಸೌಮ್ಯವಾದದ್ದು, ನಿಧಾನವಾದದ್ದು, ಹಾಡುಗಳೂ ಚೆನ್ನಾಗಿವೆ. ಹೋದ ವಾರ ರಾತ್ರಿ ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ ಹಲಸಿನ ಮರಕ್ಕೆ ಆನೆ ಬಂದಾಗ ಇವಳು ಬಾಳೆಹಣ್ಣು ಹಿಡಿದು 'ನನ್ನ ಫ್ರೆಂಡ್ ಬಂದಿದೆ' ಎಂದು ಬಾಗಿಲಿಗೆ ಓಡಿದಳು. ಅಜ್ಜಿ ಹಿಡಿದುಕೊಂಡರು. ನಮ್ಮ ಕೈಕಾಲೇ ಆಡಲಿಲ್ಲ. ಇದನ್ನು ನಿಲ್ಲಿಸಬೇಕೇ?

ಉತ್ತರ: ಓದಿ ನನಗೂ ಎದೆ ಝಲ್ಲೆಂದಿತು. ಅಜ್ಜಿ ಅಲ್ಲಿದ್ದದ್ದು ದೊಡ್ಡದು.

ಎಲ್ಲ ಪೋಷಕರೂ ಇದನ್ನು ಓದಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ. ಒಂದು ಕಾರ್ಟೂನ್ ಬೆಂಗಳೂರಿನ ಮಗುವಿಗೆ ತಕ್ಕದ್ದಾಗಿದ್ದು ತಿತಿಮತಿಯ ಮಗುವಿಗೆ ಅಪಾಯಕಾರಿಯಾಗಬಹುದು. ಬ್ರಿಟನ್ನಿನ 'ಪೆಪ್ಪಾ ಪಿಗ್' ಸರಣಿಯಲ್ಲಿ ಜೇಡಕ್ಕೆ ಹೆದರಬೇಡಿ, ಅದು ಏನೂ ಮಾಡುವುದಿಲ್ಲ ಎನ್ನುವ ಒಂದು ಕಂತಿದೆ. ಬ್ರಿಟನ್ನಿನಲ್ಲಿ ಅದು ಒಳ್ಳೆಯ ಮಾತೇ. ಆಸ್ಟ್ರೇಲಿಯಾದಲ್ಲಿ ಕಚ್ಚಿದರೆ ಪ್ರಾಣಕ್ಕೇ ಕುತ್ತಾಗುವ ಜೇಡಗಳಿವೆ. 2012ರಲ್ಲಿ ಅಲ್ಲಿನ ಸಾರ್ವಜನಿಕ ವಾಹಿನಿ ಎಬಿಸಿ ಆ ಕಂತನ್ನು ಪ್ರಸಾರದಿಂದ ತೆಗೆಯಿತು. ನಮಗೆ ಆನೆಯ ವಿಷಯದಲ್ಲಿ ಹಾಗೆ ತೆಗೆದುಹಾಕುವವರು ಯಾರೂ ಇಲ್ಲ. ಆ ಎಚ್ಚರ ನಾವೇ ವಹಿಸಬೇಕು.

ನಾಲ್ಕು ವರ್ಷದ ಮಗುವಿಗೆ ಕಾರ್ಟೂನಿನ ಆನೆ ಬರೆದ ಚಿತ್ರ ಎಂದು ಗೊತ್ತಿದ್ದರೂ ಆನೆಯ ಸ್ವಭಾವ ಹಾಗೆಯೇ ಇರುತ್ತದೆ ಎಂದು ನಂಬುವುದು ಸಹಜ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಗೊಂದಲವೂ ಇದೆ. ಮಕ್ಕಳನ್ನು ದುಬಾರೆಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಹೊಳೆಯಲ್ಲಿ ಆನೆಗೆ ಸ್ನಾನ ಮಾಡಿಸುವುದನ್ನು ಮಗು ನೋಡುತ್ತದೆ. ಅದು ಮಾವುತರು ಪಳಗಿಸಿದ ಆನೆ, ತೋಟಕ್ಕೆ ಬರುವುದು ಕಾಡಾನೆ. ಈ ವ್ಯತ್ಯಾಸ ಮಗುವಿಗೆ ತಾನಾಗಿ ತಿಳಿಯುವುದಿಲ್ಲ.

ನಿಲ್ಲಿಸಲೇಬೇಕೆಂದು ನಾನು ಹೇಳುವುದಿಲ್ಲ. ಆನೆಯನ್ನು ಪ್ರೀತಿಸುವ ಮಕ್ಕಳು ನಮ್ಮ ನಾಡಿಗೆ ಬೇಕು. ಕೆಲವು ವಾರ ಅದನ್ನು ನಿಮ್ಮ ಜೊತೆಯಲ್ಲಿ ಮಾತ್ರ ನೋಡಲಿ. ಪ್ರತಿ ಸಲ ಒಂದೇ ಮಾತು ಹೇಳಿ: 'ಇದು ಚಿತ್ರದ ಆನೆ. ತೋಟದ ಆನೆ ಬಂದರೆ ನಾವು ಒಳಗೆ, ಬಾಗಿಲು ಹಾಕಿ, ಸದ್ದಿಲ್ಲದೆ ಇರುತ್ತೇವೆ.' ಇಷ್ಟೇ ಮಾತು, ಬದಲಿಸಬೇಡಿ. ಅದನ್ನೇ ಆಟ ಮಾಡಿ: ನೀವು 'ಆನೆ ಬಂತು' ಎನ್ನಿ, ಅವಳು ಒಳಗಿನ ಕೋಣೆಗೆ ಓಡಲಿ. ಈ ವಯಸ್ಸಿನವರು ಮೈಯಿಂದ ಮಾಡಿದ್ದನ್ನು ಬೇಗ ಮರೆಯುವುದಿಲ್ಲ. 'ಆನೆ ತುಳಿದುಹಾಕುತ್ತದೆ' ಎಂದು ಹೆದರಿಸಬೇಡಿ, ರಾತ್ರಿ ನಿದ್ದೆಗೆಡುತ್ತಾಳೆ. ಬಾಗಿಲಿನ ಚಿಲಕ ಅವಳ ಕೈಗೆ ಎಟುಕದ ಎತ್ತರದಲ್ಲಿರಲಿ. ಇದನ್ನು ಇವತ್ತೇ ಮಾಡಿಸಿ.

ಪ್ರಶ್ನೆ (ಅಜ್ಜಿ, ಸೋಮವಾರಪೇಟೆ): ಮೊಮ್ಮಗನಿಗೆ ಒಂದು ವರ್ಷ ಎಂಟು ತಿಂಗಳು. ಹಾಡಿನ ಕಾರ್ಟೂನ್ ಹಾಕಿದರೆ ಮಾತ್ರ ಅನ್ನ ತಿನ್ನುತ್ತಾನೆ. ಅವನಿಗೆ ಯಾವುದು ಒಳ್ಳೆಯದು ತಾಯಿ?

ಉತ್ತರ: ಅಮ್ಮಾ, ಈ ವಯಸ್ಸಿಗೆ ಯಾವುದೂ ಬೇಡ. ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ದೂರದಲ್ಲಿರುವ ಮಗ ಸೊಸೆಯ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡಿಸಿ, ಅದಕ್ಕೆ ಅಡ್ಡಿಯಿಲ್ಲ. ಊಟಕ್ಕೆ ಮೊಬೈಲ್ ಬಿಡಿಸಿದ ಮೊದಲ ದಿನಗಳಲ್ಲಿ ಎರಡು ತುತ್ತು ಕಡಿಮೆ ತಿಂದರೂ ತಾಳ್ಮೆಯಿಂದಿರಿ. ಹಸಿವು ಅವನಿಗೆ ಗೊತ್ತಾಗುತ್ತದೆ. ನೀವೇ ಹಾಡಿ, ನಿಮ್ಮ ಮುಖ ನೋಡುತ್ತಾ ತಿನ್ನಲಿ.

ಪ್ರಶ್ನೆ (ತಾಯಿ, ಮಾದಾಪುರ ಕಡೆ): 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರು ನಾವು. ಮಗ ಆಮೇಲೆ ಹುಟ್ಟಿದವನು, ಈಗ ಐದು ವರ್ಷ. ಒಂದು ಕಾರ್ಟೂನಿನಲ್ಲಿ ಪ್ರವಾಹ ಬಂದು ಪ್ರಾಣಿಗಳ ಮನೆ ಕೊಚ್ಚಿಹೋಗುತ್ತದೆ, ಕೊನೆಗೆ ಎಲ್ಲರೂ ಪಾರಾಗುತ್ತಾರೆ. ಅದನ್ನು ನೋಡಿದಾಗಿನಿಂದ ಜೋರು ಮಳೆ ಬಂದರೆ ಮಲಗುವುದೇ ಇಲ್ಲ. ಅವನ ಅಪ್ಪ 'ಇನ್ನೊಮ್ಮೆ ತೋರಿಸಿ ಧೈರ್ಯ ಬರಿಸೋಣ' ಎನ್ನುತ್ತಾರೆ.

ಉತ್ತರ: ದಯವಿಟ್ಟು ಮತ್ತೆ ತೋರಿಸಬೇಡಿ. ನೀವು ಮನೆಯಲ್ಲಿ ಆ ಮಳೆಯ ಬಗ್ಗೆ ಮಾತನಾಡುವುದನ್ನು ಅವನು ಕೇಳಿಯೇ ಬೆಳೆದಿದ್ದಾನೆ. ಆದ್ದರಿಂದ ಅವನಿಗೆ ಅದು ಬರಿಯ ಕಾರ್ಟೂನಾಗಿ ಉಳಿಯಲಿಲ್ಲ. ಇಷ್ಟು ಸಣ್ಣ ಮಕ್ಕಳಿಗೆ 'ಅದು ನಿಜವಲ್ಲ' ಎಂದು ವಿವರಿಸುವುದರಿಂದ ಭಯ ಹೋಗುವುದು ಕಡಿಮೆ. ಅಪ್ಪಿಕೊಂಡು ಕೂರುವುದು, ಬೆಚ್ಚಗೆ ಏನಾದರೂ ಕುಡಿಸುವುದು, ದೀಪ ಹಾಕಿಟ್ಟು ಪಕ್ಕದಲ್ಲಿ ಮಲಗುವುದು ಹೆಚ್ಚು ಫಲ ಕೊಡುತ್ತದೆ. ಕೇಳಿದರೆ ಸುಳ್ಳು ಹೇಳಬೇಡಿ: 'ಆಗ ಹಾಗಾಯಿತು. ಈಗ ಬೇರೆ ಜಾಗದಲ್ಲಿದ್ದೇವೆ. ಮಳೆ ಹೆಚ್ಚಾದರೆ ಎಲ್ಲಿಗೆ ಹೋಗಬೇಕೆಂದು ಅಪ್ಪ ಅಮ್ಮನಿಗೆ ಗೊತ್ತಿದೆ.' ಕೊನೆಗೆ ಎಲ್ಲರೂ ಪಾರಾಗುತ್ತಾರೆ ಎಂಬ ಕಾರಣಕ್ಕೆ ಕಾರ್ಟೂನ್ ಸರಿ ಎಂದುಕೊಳ್ಳಬೇಡಿ; ಮಗು ಆ ಕೊನೆಯನ್ನು ತಲುಪುವ ಮೊದಲೇ ಹೆದರಿರುತ್ತದೆ. ಒಂದು ತಿಂಗಳಾದರೂ ನಿದ್ದೆ ಸರಿಯಾಗದಿದ್ದರೆ ಕರೆದುಕೊಂಡು ಬನ್ನಿ. ನಿಮಗೂ ಆ ದಿನಗಳ ಭಾರ ಇದ್ದರೆ ಅದನ್ನೂ ಮಾತನಾಡೋಣ.

ಪ್ರಶ್ನೆ (ತಾಯಿ, ಪೊನ್ನಂಪೇಟೆ): ಮನೆಯಲ್ಲಿ ಕೊಡವ ತಕ್ಕ್, ಅಂಗನವಾಡಿಯಲ್ಲಿ ಕನ್ನಡ, ಕಾರ್ಟೂನಿನಲ್ಲಿ ಹಿಂದಿ. ಮೂರು ವರ್ಷದ ಮಗ ಅಜ್ಜನ ಹತ್ತಿರ 'ಪಾನಿ' ಕೇಳುತ್ತಾನೆ. ಇನ್ನೂ ವಾಕ್ಯ ಜೋಡಿಸುವುದಿಲ್ಲ. ಭಾಷೆಗಳು ಹೆಚ್ಚಾದದ್ದೇ ಕಾರಣವೇ?

ಉತ್ತರ: ಅಲ್ಲ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಕನ್ನಡ ಎಲ್ಲವನ್ನೂ ಕೇಳಿ ಬೆಳೆಯುವುದು ನಮ್ಮ ಮಕ್ಕಳ ಭಾಗ್ಯ. ಆದರೆ ಮಾತು ಬರುವುದು ಮರುಮಾತು ಕೊಡುವವರಿಂದ, ಪರದೆ ಕೊಡುವುದಿಲ್ಲ. ನೋಡಲೇಬೇಕಾದರೆ ನೀವು ಕೂಡಿ ಮಾತನಾಡಬಲ್ಲ ಭಾಷೆಯದ್ದು ಇರಲಿ. ಕನ್ನಡದಲ್ಲಿ 2009ರಿಂದ ಚಿಂಟು ಟಿ.ವಿ. ಇದೆ.

ನನ್ನನ್ನು ಯೋಚನೆಗೆ ಹಚ್ಚಿದ್ದು ನಿಮ್ಮ ಇನ್ನೊಂದು ಮಾತು. ಎರಡು ವರ್ಷಕ್ಕೆ 'ಅಮ್ಮ ಬಾ' ಎಂಬಂತೆ ಎರಡು ಪದ ಜೋಡಿಸಬೇಕು. ಮೂರಕ್ಕೂ ಆಗಿಲ್ಲವೆಂದರೆ ಕಾಯುವುದು ಬೇಡ. ಮೊದಲು ಕಿವಿಯ ಪರೀಕ್ಷೆ ಆಗಲಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು, ನೇರವಾಗಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೂ ಹೋಗಬಹುದು. ಹೋಗುವಾಗ ಅವನು ಆಡುವ ಎಲ್ಲ ಪದಗಳನ್ನೂ, ಯಾವ ಭಾಷೆಯದ್ದಾದರೂ ಸರಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. 'ಪಾನಿ'ಯನ್ನೂ ಸೇರಿಸಿ.