ಬೂದು ನೀರು: ಬಚ್ಚಲಿನದೋ, ಲೆಕ್ಕದ್ದೋ?

ಪ್ರಶ್ನೆ: "ಒಂದು ಟನ್ ಧಾನ್ಯಕ್ಕೆ ಇಷ್ಟು ಘನ ಮೀಟರ್ ಬೂದು ನೀರು" ಎಂಬಂಥ ವಾಕ್ಯ ಓದಿದರೆ ಬಚ್ಚಲ ನೀರನ್ನು ಹೊಲಕ್ಕೆ ಹಾಯಿಸಿದ ಹಾಗೆ ಕೇಳಿಸುತ್ತದೆ. ಅರ್ಥ ಅದೇನಾ? ಅಲ್ಲದಿದ್ದರೆ ಕನ್ನಡದಲ್ಲಿ ಏನೆನ್ನಬಹುದು?

ಉತ್ತರ: ಅರ್ಥ ಅದಲ್ಲ. ನೀರಿಗೆ ಬಣ್ಣದ ಹೆಸರಿಡುವ ರೂಢಿ ಎರಡು ಶಾಸ್ತ್ರಗಳಲ್ಲಿ ಬೇರೆ ಬೇರೆಯಾಗಿ ಬೆಳೆಯಿತು. ಬೂದು ಎರಡು ಕಡೆಯೂ ಸಿಕ್ಕಿಕೊಂಡಿದೆ. ನೈರ್ಮಲ್ಯದವರಿಗೆ ಶೌಚದ ನೀರು ಕಪ್ಪು, ಮೂತ್ರ ಹಳದಿ, ಮೂತ್ರ ಬೇರೆ ಮಾಡಿದ ಮೇಲೆ ಉಳಿಯುವ ಮಲದ ನೀರು ಕಂದು. ಸ್ನಾನದ, ಬಟ್ಟೆ ಒಗೆದ, ಕೈ ತೊಳೆದ ನೀರು ಬೂದು. ಜಲಸಂಪನ್ಮೂಲದವರಿಗೆ ನದಿ, ಕೆರೆ, ಅಂತರ್ಜಲದ ನೀರು ನೀಲಿ. ಮಳೆ ಬಿದ್ದು ಮಣ್ಣಿನ ಹಸಿಯಾಗಿ ನಿಂತು ಗಿಡದ ಮೂಲಕ ಆವಿಯಾಗುವುದು ಹಸಿರು. ಈ ನೀಲಿ-ಹಸಿರು ವಿಂಗಡಣೆಯನ್ನು 1990ರ ದಶಕದಲ್ಲಿ ಚಾಲ್ತಿಗೆ ತಂದವರು ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕನ್‌ಮಾರ್ಕ್. ನೆದರ್ಲೆಂಡ್ಸಿನ ಆರ್ಯೆನ್ ಹೂಕ್‌ಸ್ಟ್ರಾ 2002ರಲ್ಲಿ, ಒಂದು ವಸ್ತು ತಯಾರಾಗಲು ಒಟ್ಟು ಎಷ್ಟು ನೀರು ಬೇಕಾಯಿತು ಎಂದು ಹೇಳುವ 'ನೀರಿನ ಹೆಜ್ಜೆಗುರುತು' ಎಂಬ ಲೆಕ್ಕವನ್ನು ಮುಂದಿಟ್ಟರು. ಮುಂದೆ ಮಾಲಿನ್ಯವನ್ನೂ ನೀರಿನ ಅಳತೆಯಲ್ಲೇ ಹೇಳುವುದಕ್ಕೆಂದು ಈ ಲೆಕ್ಕಕ್ಕೆ ಸೇರಿದ ಬಣ್ಣವೇ ನೀವು ಓದಿದ ಬೂದು.

ಆ ಬೂದು ನೀರನ್ನು ಕೊಡದಲ್ಲಿ ತುಂಬಲಾಗದು. ಹೊಳೆಗೋ ಅಂತರ್ಜಲಕ್ಕೋ ಸೇರಿದ ಕೊಳೆಯನ್ನು ನಿಗದಿತ ಮಿತಿಯೊಳಗೆ ತರಲು ಎಷ್ಟು ನೀರು ಬೆರೆಸಬೇಕಾದೀತು ಎಂಬ ಅಂದಾಜು ಅದು. ಸೇರಿದ ಕೊಳೆಯ ತೂಕವನ್ನು, ನೀರಿನಲ್ಲಿ ಇರಬಹುದಾದ ಗರಿಷ್ಠ ಮಿತಿ ಮತ್ತು ಸಹಜವಾಗಿಯೇ ಇರುವ ಪ್ರಮಾಣ ಇವೆರಡರ ವ್ಯತ್ಯಾಸದಿಂದ ಭಾಗಿಸುತ್ತಾರೆ. ಹೆಕ್ಟೇರಿಗೆ 100 ಕಿಲೋ ಸಾರಜನಕ ಹಾಕಿ ಅದರಲ್ಲಿ ಶೇಕಡಾ 10 ಬಸಿದುಹೋಯಿತು ಎಂದಿಟ್ಟುಕೊಳ್ಳಿ. 10 ಕಿಲೋ ಎಂದರೆ ಒಂದು ಕೋಟಿ ಮಿಲಿಗ್ರಾಂ. ಮಿತಿ ಲೀಟರಿಗೆ 10 ಮಿಲಿಗ್ರಾಂ, ಸಹಜ ಪ್ರಮಾಣ ಸೊನ್ನೆ ಎಂದು ಹಿಡಿದರೆ 10 ಲಕ್ಷ ಲೀಟರ್, ಅಂದರೆ 1000 ಘನ ಮೀಟರ್. ಇಳುವರಿ 4 ಟನ್ ಬಂದಿದ್ದರೆ ಟನ್ನಿಗೆ 250 ಘನ ಮೀಟರ್ ಬೂದು ನೀರು. ಹೊಳೆಯಲ್ಲಿ ಮೊದಲೇ ಲೀಟರಿಗೆ 2 ಮಿಲಿಗ್ರಾಂ ಸಾರಜನಕ ಇದ್ದರೆ ಭಾಜಕ 8ಕ್ಕೆ ಇಳಿದು ಉತ್ತರ 12.5 ಲಕ್ಷ ಲೀಟರಿಗೆ ಏರುತ್ತದೆ.

ಇಲ್ಲಿ ಪದದಷ್ಟೇ ಏಕಮಾನವೂ ಕೈಕೊಡುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 50 ಮಿಲಿಗ್ರಾಂ ಮಿತಿ, ಸಾರಜನಕ ಮತ್ತು ಆಮ್ಲಜನಕ ಕೂಡಿದ ಇಡೀ ನೈಟ್ರೇಟಿನ ತೂಕಕ್ಕೆ. ಅದರೊಳಗಿನ ಸಾರಜನಕದ ತೂಕ ಮಾತ್ರ ಬೇಕಿದ್ದರೆ 4.43ರಿಂದ ಭಾಗಿಸಬೇಕು, ಸುಮಾರು 11.3 ಬರುತ್ತದೆ. ಬಸಿದ ಸಾರಜನಕವನ್ನು ನೇರವಾಗಿ 50ರಿಂದ ಭಾಗಿಸಿದರೆ ಎರಡೇ ಲಕ್ಷ ಲೀಟರ್ ಬಂದು, ಹೊಲ ಇದ್ದಕ್ಕಿಂತ ಶುದ್ಧವಾಗಿ ಕಾಣುತ್ತದೆ. ಕೊಳೆ ಹಲವು ಬಗೆಯದಾದರೆ ಎಲ್ಲದರ ಉತ್ತರವನ್ನು ಕೂಡಬಾರದು, ದೊಡ್ಡದನ್ನು ಮಾತ್ರ ಇಟ್ಟುಕೊಳ್ಳಬೇಕು. ಬೆರೆಸುವ ನೀರು ಒಂದೇ, ಅದು ಎಲ್ಲವನ್ನೂ ಒಟ್ಟಿಗೇ ತೆಳುವಾಗಿಸುತ್ತದೆ.

ಹಾಗಾಗಿ ಈ ಅರ್ಥದಲ್ಲಿ 'ಬೂದು ನೀರು ಬಳಕೆಯಾಗಿದೆ' ಎಂದು ಬರೆಯುವುದು ತಪ್ಪು. ಯಾರೂ ಬಳಸಿಲ್ಲ, ಬೆರೆಸಿಯೂ ಇಲ್ಲ. 'ಮಾಲಿನ್ಯ ತೆಳುವಾಗಿಸಲು ಬೇಕಾದ ನೀರು' ಎಂದು ಬಿಡಿಸಿ ಬರೆದರೆ ಸಾಕು. ಉದ್ದವಾಯಿತು ಅನ್ನಿಸಿದರೆ ಮೊದಲ ಸಲ ಹೀಗೆ ಬರೆದು ಆಮೇಲೆ 'ಬೂದು ಹೆಜ್ಜೆಗುರುತು' ಎನ್ನಿ. 'ನೀರು' ಎಂಬ ಮಾತನ್ನು ಬಿಟ್ಟುಬಿಟ್ಟರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಇನ್ನು ಮನೆಯ ಬೂದು ನೀರು. ಇದಕ್ಕೆ ಬಣ್ಣದ ಹೆಸರಿನ ಅಗತ್ಯವೇ ಇಲ್ಲ ಎಂಬುದು ನನ್ನ ಪಕ್ಷ. 'ಬಚ್ಚಲ ನೀರು' ಇದೆ, ಇಂಗಿಸುವ ಗುಂಡಿಗೆ 'ಬಚ್ಚಲು ಗುಂಡಿ' ಎಂಬ ಹೆಸರೂ ಇದೆ. ಪಾತ್ರೆ ತೊಳೆದದ್ದು ಮುಸುರೆ ನೀರು. ದನಕ್ಕೆ ಇಡುವಂಥದ್ದಾದರೆ ಕಲಗಚ್ಚು. ಈ ಭೇದ ಉಳಿಸಿಕೊಳ್ಳುವುದರಲ್ಲಿ ಲಾಭವಿದೆ, ಏಕೆಂದರೆ ಮುಸುರೆ ನೀರನ್ನು ಬೂದು ನೀರಿನ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅದರ ಜಿಡ್ಡು ಗುಂಡಿಯ ಗೋಡೆಗೆ ಪದರವಾಗಿ ಮೆತ್ತಿಕೊಂಡು ಮಣ್ಣಿನ ಸಂದುಗಳನ್ನು ಮುಚ್ಚುತ್ತದೆ, ನೀರು ಇಂಗದೆ ಮೇಲಕ್ಕೆ ಉಕ್ಕುತ್ತದೆ. ಮುಸುರೆ ನೀರು ಬಿಡುವುದೇ ಆದರೆ ಮೊದಲು ಜಿಡ್ಡು ತೇಲಿ ನಿಲ್ಲುವಂಥ ಸಣ್ಣ ತೊಟ್ಟಿ ಕಟ್ಟಬೇಕು, ಆಗಾಗ ಆ ಕೆನೆ ತೆಗೆಯಬೇಕು. ಮಲ ತಗುಲಿದ ಬಟ್ಟೆ ಒಗೆದ ನೀರಂತೂ ಎಲ್ಲಿ ಒಗೆದರೂ ಕಪ್ಪೇ.

ಬಚ್ಚಲು ಗುಂಡಿ ಕಟ್ಟುವುದು ಹೀಗೆ: ಉದ್ದ, ಅಗಲ, ಆಳ ಒಂದೊಂದು ಮೀಟರಿನ ಗುಂಡಿಯಲ್ಲಿ ತಳಕ್ಕೆ ದೊಡ್ಡ ಕಲ್ಲು, ಮೇಲೆ ಹೋದಂತೆ ಸಣ್ಣವು. ನೀರು ಬೀಳುವಲ್ಲಿ ತೂತು ಕೊರೆದ ಮಡಕೆಯಲ್ಲಿ ಹುಲ್ಲು ತುಂಬಿಟ್ಟರೆ ಕೂದಲು, ನಾರು ಅಲ್ಲೇ ನಿಲ್ಲುತ್ತವೆ. ಕುಡಿಯುವ ನೀರಿನ ಬಾವಿಯಿಂದ 15 ಮೀಟರಾದರೂ ದೂರ ಇರಲಿ. ಜಿಗುಟು ಎರೆಮಣ್ಣಿದ್ದಲ್ಲಿ ಗುಂಡಿಯ ಈ ಅಳತೆ ಸಾಲುವುದಿಲ್ಲ. ಗಿಡಗಳಿಗೆ ಬಿಡುವವರು ಸಾಬೂನು ಪುಡಿಯ ಸೋಡಿಯಂ ನೆನಪಿಡಬೇಕು: ಅದು ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡಿ ಮಣ್ಣಿನ ಮೇಲೆ ಗಟ್ಟಿ ಪದರ ಕಟ್ಟಿಸುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿಗಂತೂ ಈ ನೀರು ಬೇಡ.

ಅಂದಹಾಗೆ 'ಬೂದು' ಎಂಬ ವಿಶೇಷಣ ಹೊಸದಾಗಿ ಹರಿದ ಬಚ್ಚಲ ನೀರಿಗೆ ಮಾತ್ರ ಸರಿಹೊಂದುತ್ತದೆ. 24 ಗಂಟೆ ದಾಟಿಸಿ ಕೂಡಿಟ್ಟರೆ ಸೂಕ್ಷ್ಮಜೀವಿಗಳು ಅದರಲ್ಲಿನ ಆಮ್ಲಜನಕ ಮುಗಿಸಿ ಸಲ್ಫೇಟಿಗೆ ಕೈಹಾಕುತ್ತವೆ. ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ, ನೀರು ಕಪ್ಪಿಡುತ್ತದೆ. ಆಗಲೂ ಪಾರಿಭಾಷಿಕವಾಗಿ ಅದು ಬೂದು ನೀರೇ.

ಮೂಲದಲ್ಲಿ ವಿವರಣೆಯಿಲ್ಲದೆ ಬರೀ 'ಬೂದು ನೀರು' ಎಂದಿದ್ದರೆ ಏಕಮಾನ ನೋಡಿ. ತಲೆಗೆ ದಿನಕ್ಕೆ ಇಷ್ಟು ಲೀಟರ್ ಎಂದಿದ್ದರೆ ಸಾಮಾನ್ಯವಾಗಿ ಬಚ್ಚಲ ನೀರು. ಟನ್ನಿಗೆ ಇಷ್ಟು ಘನ ಮೀಟರ್ ಎಂದಿದ್ದು ಪಕ್ಕದಲ್ಲಿ ನೀಲಿ, ಹಸಿರು ಇದ್ದರೆ ಹೆಜ್ಜೆಗುರುತು. ಎಡವಿಸುವುದು ಕಾರ್ಖಾನೆಗಳ ವರದಿ: ಕೈತೊಳೆಯುವ ತೊಟ್ಟಿಗಳ ನೀರನ್ನು ಶುದ್ಧಮಾಡಿ ಮರುಬಳಸಿದ್ದೂ, ಹೊರಬಿಟ್ಟ ಕೊಳೆಯ ಲೆಕ್ಕವೂ ಒಂದೇ ಪುಟದಲ್ಲಿ ಒಂದೇ ಹೆಸರಿನಲ್ಲಿ ಬರಬಹುದು. ಅಲ್ಲಿ ಕ್ರಿಯಾಪದ ನೋಡಬೇಕು. ಸಂಗ್ರಹಿಸಿದ, ಸಂಸ್ಕರಿಸಿದ, ಹಾಯಿಸಿದ ನೀರಾದರೆ ಮೊದಲನೆಯದು. ಬರೀ ಅಂದಾಜಿಸಿದ್ದಾದರೆ ಎರಡನೆಯದು.