ಹಳೆಯ ಎಟಿವಿಯ ಸವೆದ ಡಿಸ್ಕ್ ಪ್ಲೇಟು: ಲೇತಿಗೆ ಕೊಡಬಹುದೇ, ಬದಲಾಯಿಸಲೇಬೇಕೇ?

ಪ್ರಶ್ನೆ: ತೋಟದ ಮಾಲೀಕ, ಚನ್ನಗಿರಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದಲ್ಲಿ ಕೊಟ್ಟಿಗೆ ಗೊಬ್ಬರ ಸಾಗಿಸಲು ಮತ್ತು ಕೊಯ್ಲಿನ ಕಾಲದಲ್ಲಿ ಗೊನೆಗಳನ್ನು ಸಣ್ಣ ಟ್ರಾಲಿಯಲ್ಲಿ ಎಳೆದು ತರಲು ಹಳೆಯ ಎಟಿವಿಯೊಂದನ್ನು (ಬೈಕಿನಂತೆ ಕುಳಿತು ಓಡಿಸುವ ನಾಲ್ಕು ಚಕ್ರದ ಸಣ್ಣ ವಾಹನ) ಬಳಸುತ್ತಿದ್ದೇವೆ. ಒಂಬತ್ತು ಅಡಿ ಅಂತರದ ಸಾಲುಗಳ ನಡುವೆ ಬೇರುಗಳಿಗೆ ಪೆಟ್ಟಾಗದಂತೆ ಓಡಾಡಲು ಟ್ರ್ಯಾಕ್ಟರಿಗಿಂತ ಇದೇ ಅನುಕೂಲ. ಮುಂದಿನ ಚಕ್ರಗಳಿಗೆ ಒಂದೊಂದು ಬ್ರೇಕ್ ಡಿಸ್ಕ್ ಇದೆ, ಹಿಂದಿನ ಆಕ್ಸಲ್‌ಗೆ ಮಾತ್ರ ಒಂದೇ ಡಿಸ್ಕ್. ಈ ಹಿಂದಿನ ಡಿಸ್ಕ್ ನೆಲಕ್ಕೆ ಹತ್ತಿರವಿರುವುದರಿಂದ ಮಳೆಗಾಲದುದ್ದಕ್ಕೂ ಕೆಸರಿನಲ್ಲೇ ಉಜ್ಜುತ್ತಿರುತ್ತದೆ.

ಈಗ ಬ್ರೇಕ್ ಹಿಡಿದಾಗ ಕರಕರ ಸದ್ದು ಬರುತ್ತಿದೆ, ಪೆಡಲ್ ಕಾಲಿಗೆ ಮಿಡಿದಂತಾಗುತ್ತದೆ. ಡಿಸ್ಕಿನ ಮೇಲಿನ ಗೀರುಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಕನಿಷ್ಠ ದಪ್ಪ 3.0 ಮಿ.ಮೀ. ಎಂದು ಕೊರೆದಿದ್ದು, ವರ್ನಿಯರ್‌ನಿಂದ ಅಳೆದರೆ 3.4 ತೋರಿಸುತ್ತಿದೆ. ಲೇತಿನಲ್ಲಿ ಟರ್ನಿಂಗ್ ಹೊಡೆಸಿದರೆ, ಅಂದರೆ ಡಿಸ್ಕನ್ನು ತಿರುಗಿಸುತ್ತ ಅದರ ಮೈಯನ್ನು ಸಮವಾಗಿ ಕೆತ್ತಿಸಿದರೆ ಸಾಕೆಂದು ಊರಿನ ಗ್ಯಾರೇಜಿನವರು ಹೇಳುತ್ತಾರೆ. ಹೊಸ ಪ್ಲೇಟಿಗೆ ಆರ್ಡರ್ ಕೊಟ್ಟು ಕಾಯಬೇಕು, ಕೊಯ್ಲು ಮಾತ್ರ ಕಾಯುವುದಿಲ್ಲ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ: ಟರ್ನರ್, ಹರಿಹರ

ಸರ್, ಮೊದಲು ತಮ್ಮ ಅಳತೆಯನ್ನೇ ಇನ್ನೊಮ್ಮೆ ನೋಡಬೇಕಾಗುತ್ತದೆ. ಡಿಸ್ಕ್ ಸವೆಯುವುದು ಬ್ರೇಕ್ ಪ್ಯಾಡ್ ಉಜ್ಜುವ ಪಟ್ಟಿಯಲ್ಲಿ ಮಾತ್ರ. ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಕಡೆ ಮೂಲ ದಪ್ಪದ ಏಣೊಂದು ಉಳಿದುಕೊಳ್ಳುತ್ತದೆ. ವರ್ನಿಯರ್‌ನ ಉದ್ದನೆಯ ದವಡೆ ಆ ಏಣಿನ ಮೇಲೆ ಕೂರುವುದರಿಂದ ತಮಗೆ ಸಿಕ್ಕ 3.4 ಬಹುಶಃ ಸವೆಯದ ಅಂಚಿನ ದಪ್ಪವೇ ಇರಬೇಕು. ಮೈಕ್ರೋಮೀಟರ್ ತೆಗೆದುಕೊಂಡು, ಏಣನ್ನು ದಾಟಿಸಿ, ಪಟ್ಟಿಯ ನಡುವೆ ಸುತ್ತಲೂ ಆರೆಂಟು ಕಡೆ ಅಳೆಯಿರಿ. ಅವುಗಳಲ್ಲಿ ಅತಿ ಕಡಿಮೆ ಬಂದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು, ಸರಾಸರಿಯನ್ನಲ್ಲ.

ಟರ್ನಿಂಗ್ ವಿಷಯ. ನಮ್ಮ ಭಾಗದಲ್ಲಿ ಲಾರಿಯ ಬ್ರೇಕ್ ಡ್ರಮ್ಮುಗಳನ್ನು ಲೇತಿಗೆ ಏರಿಸುವ ರೂಢಿ ಹಳೆಯದು. ಇಲ್ಲೇ ತಯಾರಾಗುತ್ತಿದ್ದ ಮೈಸೂರು ಕಿರ್ಲೋಸ್ಕರ್ ಲೇತುಗಳ ಮೇಲೆ ನಾನೂ ಆ ಕೆಲಸವನ್ನು ಸಾಕಷ್ಟು ಮಾಡಿದ್ದೇನೆ. ಆದರೆ ಡ್ರಮ್ ದಪ್ಪ ಎರಕದ ವಸ್ತು, ಅದರಲ್ಲಿ ಕೆತ್ತಲು ಲೋಹವಿರುತ್ತದೆ. ಇಷ್ಟು ತೆಳುವಾದ ಡಿಸ್ಕ್ ಟೂಲಿನ ಒತ್ತಡಕ್ಕೆ ಬಾಗಿ ಅದುರುತ್ತದೆ, ಮೈ ಸಮವಾಗುವ ಬದಲು ಅಲೆಅಲೆಯಾಗುತ್ತದೆ. ಸಾಣೆ ಚಕ್ರದಿಂದ ಮೈ ಉಜ್ಜಿಸುವ ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದರೂ, ಎರಡೂ ಬದಿಯ ಗೀರುಗಳು 0.2 ಮಿ.ಮೀ. ಆಳವಿದ್ದರೆ ಒಟ್ಟು 0.4 ಹೋಗುತ್ತದೆ. ಆ ಬಳಿಕ ಕನಿಷ್ಠ ದಪ್ಪಕ್ಕಿಂತ ಮೇಲೆ ಏನಾದರೂ ಉಳಿಯುತ್ತದೆಯೇ ಎಂದು ತಾವೇ ಕಳೆದು ನೋಡಿ.

ಉತ್ತರ: ಮೆಕ್ಯಾನಿಕ್, ದಾವಣಗೆರೆ

ಮೇಲಿನವರು ಹೇಳಿದ್ದು ಸರಿ. ದಪ್ಪ 3.0ಕ್ಕಿಂತ ಇಳಿದಿದ್ದರೆ ಬದಲಾಯಿಸುವುದನ್ನು ಬಿಟ್ಟು ಬೇರೆ ಮಾತಿಲ್ಲ, ಏಕೆಂದರೆ ತೆಳುವಾದ ಡಿಸ್ಕ್ ಬೇಗ ಕಾದು ಬಾಗುತ್ತದೆ, ಅಲ್ಲದೆ ಪ್ಯಾಡ್ ಕೂಡ ಸವೆದಾಗ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿಸ್ಟನ್ ತನ್ನ ಮಿತಿಗಿಂತ ಹೊರಗೆ ಬಂದು ಬ್ರೇಕ್ ಆಯಿಲ್ ಸೋರುವ ಸಾಧ್ಯತೆ ಇರುತ್ತದೆ.

ಆದರೆ ಡಿಸ್ಕ್ ಏಕೆ ಹೀಗೆ ಸವೆಯಿತು ಎಂಬುದನ್ನು ಹುಡುಕದೆ ಹೊಸದನ್ನು ಹಾಕಿದರೆ ಅದಕ್ಕೂ ಇದೇ ಗತಿಯಾಗುತ್ತದೆ. ಎರಡೂ ಪ್ಯಾಡುಗಳನ್ನು ಹೊರಗೆ ತೆಗೆದು ಅಕ್ಕಪಕ್ಕ ಇಟ್ಟು ನೋಡಿ. ಒಂದು ಪ್ಯಾಡ್ ಹಿಂಬದಿಯ ತಗಡಿನವರೆಗೆ ಸವೆದು ಇನ್ನೊಂದರಲ್ಲಿ ಸಾಮಗ್ರಿ ಉಳಿದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಹಿಡಿದುಕೊಂಡಿವೆ ಎಂದರ್ಥ. ಪಿನ್ನಿನ ರಬ್ಬರ್ ಬೂಟು ಹರಿದು ಕೆಸರುನೀರು ಒಳಗೆ ಹೋಗಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಪಿನ್ನುಗಳ ತುಕ್ಕು ತೆಗೆದು, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚಿ, ಹೊಸ ಬೂಟು ಹಾಕಬೇಕು. ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಎರಡೂ ಪ್ಯಾಡುಗಳು ಸಮವಾಗಿ ಸವೆದು, ಬ್ರೇಕ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿಯೇ ತಿರುಗುತ್ತಿದ್ದರೆ, ಪಿಸ್ಟನ್ ಹಿಂದಕ್ಕೆ ಸರಿಯುತ್ತಿಲ್ಲ ಎಂದು ಅನುಮಾನಿಸಬೇಕು.

ಪೆಡಲ್ ಮಿಡಿಯುವುದಕ್ಕೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದು ಮುಖ್ಯ ಕಾರಣವಾದರೂ, ಆಕ್ಸಲ್ ಬೇರಿಂಗಿನಲ್ಲಿ ಆಟವಿದ್ದರೆ (ಸಡಿಲವಾಗಿದ್ದರೆ) ಅಥವಾ ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ ತುಕ್ಕು ಕಟ್ಟಿದ್ದರೆ ಹೊಸ ಪ್ಲೇಟ್ ಸಹ ಓಲಾಡುತ್ತದೆ. ಆದ್ದರಿಂದ ವಾಹನವನ್ನು ಎತ್ತಿ ಆಕ್ಸಲನ್ನು ಅಲ್ಲಾಡಿಸಿ ನೋಡಿ, ಹಬ್ಬಿನ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ಸ್ವಚ್ಛಗೊಳಿಸಿ.

ಮರುಪ್ರಶ್ನೆ: ತೋಟದ ಮಾಲೀಕ, ಚನ್ನಗಿರಿ

ಇಬ್ಬರಿಗೂ ಧನ್ಯವಾದಗಳು. ಮೈಕ್ರೋಮೀಟರ್ ತರಿಸಿ ಅಳೆದಾಗ ಅತಿ ತೆಳುವಾದ ಕಡೆ 2.8 ಮಿ.ಮೀ. ಬಂತು. ಒಳಬದಿಯ ಪ್ಯಾಡಿನಲ್ಲಿ ಬರೀ ತಗಡು ಉಳಿದಿದೆ, ಒಂದು ಪಿನ್ನಂತೂ ಕೈಯಿಂದ ಅಲುಗುವುದೇ ಇಲ್ಲ. ಲೇತಿನ ಯೋಚನೆಯನ್ನು ಬಿಟ್ಟಿದ್ದೇನೆ. ಆದರೆ ಹಳೆಯ ಡಿಸ್ಕನ್ನೇ ಮಾದರಿಯಾಗಿಟ್ಟುಕೊಂಡು 304 ಸ್ಟೇನ್‌ಲೆಸ್ ಶೀಟಿನಲ್ಲಿ ಲೇಸರ್ ಕಟಿಂಗ್ ಮಾಡಿಕೊಡುವುದಾಗಿ ಫ್ಯಾಬ್ರಿಕೇಶನ್‌ನವರೊಬ್ಬರು ಹೇಳಿದ್ದಾರೆ. ಹೊಸದು ಬರುವವರೆಗೆ ಅದನ್ನು ಹಾಕಿಕೊಳ್ಳಬಹುದೇ?

ಉತ್ತರ: ಡಿಪ್ಲೊಮಾ ಮೆಕ್ಯಾನಿಕಲ್, ಚಿತ್ರದುರ್ಗ

ಖಂಡಿತ ಬೇಡ. ಬೈಕು ಮತ್ತು ಎಟಿವಿಗಳ ಸ್ಟೇನ್‌ಲೆಸ್ ಡಿಸ್ಕುಗಳನ್ನು ಸಾಮಾನ್ಯವಾಗಿ 410 ಅಥವಾ 420 ವರ್ಗದ ಉಕ್ಕಿನಿಂದ ಮಾಡುತ್ತಾರೆ. ಅದನ್ನು ಕಾಯಿಸಿ ತಣಿಸಿ ಗಟ್ಟಿಗೊಳಿಸಲು ಬರುತ್ತದೆ. 304 ಆ ರೀತಿ ಗಟ್ಟಿಯಾಗುವ ಉಕ್ಕಲ್ಲ. ಅದರ ಮೈ ಪ್ಯಾಡಿಗೆ ಅಂಟಿ ಕಿತ್ತುಬರುತ್ತದೆ. ಅಷ್ಟೇ ಅಲ್ಲದೆ, ಕಾದಾಗ 410ರ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ, ಜತೆಗೆ ಶಾಖವನ್ನು ಅದರಷ್ಟು ಬೇಗ ಸಾಗಿಸದಿರುವುದರಿಂದ, ಇಳಿಜಾರಿನಲ್ಲಿ ಎಡೆಬಿಡದೆ ಬ್ರೇಕ್ ಹಿಡಿದರೆ ಬಾಗುವ ಸಂಭವ ಹೆಚ್ಚು. ಅಡುಗೆಮನೆಯ ಸಿಂಕಿಗೆ ಒಳ್ಳೆಯ ಲೋಹ. ಭಾರ ತುಂಬಿದ ಟ್ರಾಲಿಯನ್ನು ನಿಲ್ಲಿಸಲು ಅದನ್ನು ನಂಬಲಾಗದು.

ಹೊಸ ಡಿಸ್ಕ್ ಬಂದಾಗ ಅದರ ರಕ್ಷಣಾ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿ. ಪೆಟ್ರೋಲ್ ಅಥವಾ ಸೀಮೆಎಣ್ಣೆ ಬಳಸಬೇಡಿ. ಪ್ಯಾಡುಗಳೂ ಹೊಸವೇ ಆಗಿರಬೇಕು, ಹಳೆಯದರಲ್ಲಿ ಮೂಡಿದ ಗೀರುಗಳು ಹೊಸ ಡಿಸ್ಕಿಗೂ ಇಳಿಯುತ್ತವೆ. ಕೆಸರಿನಲ್ಲಿ ಸಿಂಟರ್ಡ್ (ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ) ಪ್ಯಾಡ್ ಹೆಚ್ಚು ಬಾಳುತ್ತದೆ, ಆದರೆ ಡಿಸ್ಕನ್ನು ತುಸು ಹೆಚ್ಚು ತಿನ್ನುತ್ತದೆ. ತಮ್ಮ ಕೆಲಸಕ್ಕೆ ನಾನಾದರೆ ಅದನ್ನೇ ಆರಿಸುತ್ತೇನೆ. ಪಿಸ್ಟನ್ ಒಳಗೆ ತಳ್ಳುವಾಗ ಬ್ರೇಕ್ ಆಯಿಲ್ ಮೇಲೇರಿ ಚೆಲ್ಲದಂತೆ ನೋಡಿಕೊಳ್ಳಿ, ಅದು ಬಣ್ಣವನ್ನು ಕಿತ್ತುಹಾಕುತ್ತದೆ. ಡಿಸ್ಕಿನ ಬೋಲ್ಟುಗಳಿಗೆ ಥ್ರೆಡ್ ಲಾಕ್ (ಬೋಲ್ಟು ಸಡಿಲಗೊಳ್ಳದಂತೆ ಹಿಡಿಯುವ ಅಂಟು) ಹಚ್ಚಿ, ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆಗೆ) ಬಿಗಿಯಿರಿ. ನಂತರ ಟ್ರಾಲಿ ಕಟ್ಟದೆ, ಸಮತಟ್ಟಾದ ಜಾಗದಲ್ಲಿ ಸಾಧಾರಣ ವೇಗದಿಂದ ಮೆಲ್ಲನೆ ಬ್ರೇಕ್ ಹಿಡಿದು, ನಡುನಡುವೆ ತಣಿಯಲು ಬಿಟ್ಟು ಪ್ಯಾಡುಗಳನ್ನು ಕೂರಿಸಿಕೊಳ್ಳಿ.

ಅಲ್ಲಿಯವರೆಗೆ ಗೊನೆಗಳನ್ನು ಬೇರೆ ವಾಹನದಲ್ಲಿ ಸಾಗಿಸಿ. ಮುಂದಿನ ಬ್ರೇಕುಗಳು ಇವೆಯಲ್ಲ ಎಂದು ಟ್ರಾಲಿ ಕಟ್ಟಿಕೊಂಡು ಇಳಿಜಾರಿಗೆ ಇಳಿದರೆ, ಹಿಂದಿನ ಭಾರ ವಾಹನವನ್ನು ಅಡ್ಡಲಾಗಿ ತಿರುಗಿಸಿಬಿಡುವ ಅಪಾಯವಿದೆ.