ಕಕ್ಕಬ್ಬೆ–ಭಾಗಮಂಡಲ ಕಡೆ ರೂಟ್ ಹಾಕಿದಾಗಲೆಲ್ಲ ಕೈಕೊಡುತ್ತೆ, ರಸ್ತೆ ಹೇಗಿದೆ ಅಂತ ಮೊದಲೇ ತಿಳಿಯೋದು ಹೇಗೆ?

ಎರಡುಗಾಲಿ
ಎಲ್ಲರಿಗೂ ನಮಸ್ಕಾರ. ತುಂಬ ಬೇಜಾರಲ್ಲಿ ಬರೀತಿದ್ದೀನಿ. ಮೈಸೂರಿಂದ ನಾಲ್ಕು ದಿನದ ಸೈಕಲ್ ಟೂರ್ ನನ್ನ ಎರಡು ವರ್ಷದ ಆಸೆ. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ, ಕಡಂಗ, ಕಕ್ಕಬ್ಬೆ, ನಾಪೋಕ್ಲು, ಭಾಗಮಂಡಲ, ಅಲ್ಲಿಂದ ಕರಿಕೆ ಇಳಿದು ಪಾಣತ್ತೂರು, ಕಾಞಂಗಾಡ್. ಎರಡು ಸಲ ಹೊರಟೆ. ಎರಡು ಸಲವೂ ಭಾಗಮಂಡಲ ಮುಟ್ಟಲಿಲ್ಲ.

ಮೊದಲನೇ ಸಲ ಕಕ್ಕಬ್ಬೆ ದಾಟಿದ ಮೇಲೆ ಆ್ಯಪ್ ದೊಡ್ಡ ರಸ್ತೆ ಬಿಡಿಸಿ ಬಲಕ್ಕೆ ತಿರುಗಿಸ್ತು. ಸ್ವಲ್ಪ ದೂರ ಡಾಂಬರು, ಆಮೇಲೆ ಕಾಂಕ್ರೀಟು, ಆಮೇಲೆ ಜೀಪಿನ ಎರಡು ಗಾಲಿ ಜಾಡು, ಮಧ್ಯೆ ಮೊಣಕಾಲೆತ್ತರ ಹುಲ್ಲು. ಜಲ್ಲಿ ಕಾಲಡಿ ಉರುಳ್ತಿತ್ತು. ಒಂದೂವರೆ ಗಂಟೆ ತಳ್ಳಿಕೊಂಡೇ ಹೋದೆ. ಕೊನೆಗೆ ಹಸಿರು ಬಣ್ಣದ ಕಬ್ಬಿಣದ ಗೇಟು, ಅಂಗೈಯಗಲದ ಬೀಗ, ಒಳಗೆ ಎರಡು ನಾಯಿ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಒಬ್ಬರು ಛತ್ರಿ ಹಿಡಿದು ಬಂದು, ‘ಇದು ತೋಟದ ದಾರಿ, ಆಚೆ ರೋಡಿಲ್ಲ ಸಾರ್’ ಅಂದ್ರು. ಕತ್ತಲಾಗಿತ್ತು. ಬಂದ ದಾರೀಲೇ ವಾಪಸ್ಸು.

ಎರಡನೇ ಸಲ ಹಟ ಹಿಡಿದು ಕೈಯಲ್ಲೇ ರೂಟ್ ಎಳೆದೆ, ಸ್ಯಾಟಲೈಟ್ ಚಿತ್ರ ನೋಡ್ಕೊಂಡು. ಚಿತ್ರದಲ್ಲಿ ಅಚ್ಚುಕಟ್ಟಾದ ಬೂದು ಗೆರೆ. ಅಲ್ಲಿ ಹೋದ್ರೆ ಕಾಂಕ್ರೀಟ್ ತುಂಬ ಪಾಚಿ. ಇಳಿಜಾರಲ್ಲಿ ಜಾರಿ ಬಿದ್ದು ಮೊಣಕೈ ಕಿತ್ತುಹೋಯ್ತು.

ಇನ್ನೊಂದು. ಮೂರನೇ ದಿನದ ಏರು ಒಂದು ಆ್ಯಪಲ್ಲಿ 2,400 ಮೀಟರ್, ಇನ್ನೊಂದರಲ್ಲಿ 1,650. ಯಾವುದನ್ನ ನಂಬಲಿ? ಸೈಕಲ್ ಸರ್ವೀಸ್ ಆಗಿದೆ, ಅದರದ್ದೇನೂ ಸಮಸ್ಯೆ ಇಲ್ಲ. ರಸ್ತೆ ಬಗ್ಗೆ ಹೇಳಿ.

ಘಾಟಿಪ್ರಿಯ
ಟೈರ್ ಎಷ್ಟು?

ಎರಡುಗಾಲಿ
28 ಮಿ.ಮೀ. ಅಗಲದ್ದು. ಆದ್ರೆ ಸಮಸ್ಯೆ ಟೈರಿಂದಲ್ಲ ಸಾರ್.

ಘಾಟಿಪ್ರಿಯ
ಅಲ್ಲೇ ಇರೋದು ಗುರು. 28ರಲ್ಲಿ ಲಗೇಜ್ ಹಾಕಿ ಕೊಡಗಿನ ಒಳರಸ್ತೆಗೆ ಇಳಿದ್ರೆ ಎಂಥ ರಸ್ತೆಯೂ ಕೆಟ್ಟದಾಗೇ ಕಾಣುತ್ತೆ. ಕನಿಷ್ಠ 38, ಆದ್ರೆ 40. ಗಾಳಿ ಒತ್ತಡ ಹಿಂದಿನದಕ್ಕೆ 50 ಪಿಎಸ್ಐ, ಮುಂದಿನದಕ್ಕೆ 45, ಅಷ್ಟೇ. ನಾನು ಟ್ಯೂಬ್‌ಲೆಸ್ 40ರಲ್ಲಿ ಸೋಮವಾರಪೇಟೆಯಿಂದ ಶಾಂತಳ್ಳಿ, ಮಲ್ಲಳ್ಳಿ ಕಡೆ ಎಲ್ಲ ಸುತ್ತಿದ್ದೀನಿ, ಒಂದು ಸಲವೂ ಇಳಿದು ತಳ್ಳಿಲ್ಲ. ಫ್ರೇಮಲ್ಲಿ ಜಾಗ ಎಷ್ಟಿದೆ ನೋಡಿ, 35 ಕೂರುತ್ತಾ?

ಎರಡುಗಾಲಿ
32ಕ್ಕಿಂತ ದೊಡ್ಡದು ಕೂರಲ್ಲ. ಆದ್ರೆ ಬೀಗ ಹಾಕಿದ ಗೇಟು 40 ಟೈರಿಗೂ ತೆಗೆಯಲ್ಲ ಅಲ್ವಾ.

ಘಾಟಿಪ್ರಿಯ
ಗೇಟಿನ ಮಾತು ಬೇರೆ. ಬಿದ್ದಿದ್ದು ಟೈರಿಂದಲೇ. ಗಾಳಿ ಎಷ್ಟಿತ್ತು ಹೇಳಿ. 90 ಇಟ್ಟಿದ್ರೆ ಅಲ್ಲೇ ಉತ್ತರ ಸಿಕ್ತು.

ಬೆಳ್ಳಿಸರಪಳಿ
ಪಾಚಿ ಮೇಲೆ 40 ಇರಲಿ 50 ಇರಲಿ ಜಾರೋದು ಜಾರುತ್ತೆ, ದಯವಿಟ್ಟು ಹೊಸಬರಿಗೆ ತಪ್ಪು ಧೈರ್ಯ ಕೊಡಬೇಡಿ. ನೆರಳಿನ ಕಾಂಕ್ರೀಟಲ್ಲಿ ಜೀಪಿನ ಗಾಲಿ ಉಜ್ಜಿದ ಎರಡು ಪಟ್ಟಿ ಮಾತ್ರ ಕಪ್ಪಗಿರುತ್ತೆ, ಮಧ್ಯ ಮತ್ತು ಅಂಚು ಹಸಿರು. ಆ ಕಪ್ಪು ಪಟ್ಟಿ ಬಿಟ್ಟು ಒಂದು ಗೇಣು ಆಚೆ ಹೋಗಬಾರದು, ಅದರ ಮೇಲಿದ್ದಾಗ ಮುಂದಿನ ಬ್ರೇಕ್ ಹಿಡಿಯಬಾರದು. ಎರಡುಗಾಲಿಯವರೇ, ನಿಮ್ಮದು ಡಿಸ್ಕ್ ಬ್ರೇಕಾ, ಗಾಲಿಯ ಅಂಚನ್ನೇ ಹಿಡಿಯೋ ರಿಮ್ ಬ್ರೇಕಾ? ಕರಿಕೆ ಇಳಿಯೋ ಯೋಚನೆ ಇದ್ರೆ ಇದು ಮೊದಲ ಪ್ರಶ್ನೆ.

ಎರಡುಗಾಲಿ
ರಿಮ್.

ಬೆಳ್ಳಿಸರಪಳಿ
ಹಾಗಿದ್ರೆ ಎಚ್ಚರ. ಒದ್ದೆ ರಿಮ್ಮಲ್ಲಿ ಬ್ರೇಕ್ ಒತ್ತಿದ ಮೇಲೆ ಮೊದಲು ನೀರು ಒರೆಸಿಕೊಳ್ಳಬೇಕು, ಆಮೇಲೆ ಹಿಡಿತ. ಅಷ್ಟರಲ್ಲಿ ತಿರುವು ಬಂದಿರುತ್ತೆ. ಮರಳು ಸೇರಿದ್ರೆ ರಿಮ್ಮನ್ನೇ ಅರೆಯುತ್ತೆ.

ಘಾಟಿಪ್ರಿಯ
ರಿಮ್ ಬ್ರೇಕಲ್ಲೇ ನಾನು ಮಡಿಕೇರಿಯಿಂದ ಸಂಪಾಜೆ ಎಷ್ಟೋ ಸಲ ಇಳಿದಿದ್ದೀನಿ. ಸುಮಾರು ಸಾವಿರ ಮೀಟರ್ ಇಳಿತ. ಬಿಟ್ಟು ಬಿಟ್ಟು ಹಿಡಿಯೋದು ಗೊತ್ತಿದ್ರೆ ಏನೂ ಆಗಲ್ಲ. ಡಿಸ್ಕ್ ಇದ್ದೋರು ಮಳೆಯಲ್ಲಿ ಪ್ಯಾಡ್ ಸವೆಸಿಕೊಂಡು ದಾರೀಲಿ ಕೂತಿದ್ದನ್ನೂ ನೋಡಿದ್ದೀನಿ.

ಬೆಳ್ಳಿಸರಪಳಿ
ಅದು ಮೆತ್ತಗಿನ ರೆಸಿನ್ ಪ್ಯಾಡ್. ಲೋಹದ ಪುಡಿಯ ಸಿಂಟರ್ಡ್ ಹಾಕಿದ್ರೆ ಶಬ್ದ ಜಾಸ್ತಿ, ಆದ್ರೆ ಕೆಸರು ಮರಳಿಗೆ ಅದೇ ತಡೆಯೋದು. ನೀವು ಇಳಿದಾಗ ಪ್ಯಾನಿಯರ್, ಅಂದ್ರೆ ಪಕ್ಕದ ಲಗೇಜ್ ಚೀಲ ಇತ್ತಾ? ಖಾಲಿ ಸೈಕಲ್ ಬೇರೆ, ಹದಿನೈದು ಕೇಜಿ ಹೇರಿದ ಸೈಕಲ್ ಬೇರೆ. ರಿಮ್ ಬಿಸಿಯಾಗಿ ಟ್ಯೂಬ್ ಒಡೆದದ್ದು ನನಗೇ ಆಗಿದೆ.

ಘಾಟಿಪ್ರಿಯ
ನನ್ನ ಅನುಭವ ನನಗೆ, ನಿಮ್ಮದು ನಿಮಗೆ.

ತೋಟದಂಗಳ
ಸ್ವಲ್ಪ ನಿಲ್ಲಿಸಿ ಮಾರಾಯ್ರೆ. ನಾನು ನಾಪೋಕ್ಲು ಕಡೆಯವನು, ಸೈಕಲ್ ತುಳಿಯುವುದು ಪೇಟೆಗೆ ಹೋಗಿ ಬರುವಷ್ಟು ಮಾತ್ರ. ಆದರೆ ರಸ್ತೆ ಗೊತ್ತುಂಟು. ಇಷ್ಟು ಹೊತ್ತು ಯಾರೂ ಕೇಳದ ಒಂದು ಪ್ರಶ್ನೆ. ನೀವು ಬಂದದ್ದು ಯಾವ ತಿಂಗಳು?

ಎರಡುಗಾಲಿ
ಓ, ಅದು ಬರೆಯಲೇ ಇಲ್ಲ. ಮೊದಲನೇ ಸಲ ಜುಲೈ ಕೊನೆ, ಎರಡನೇ ಸಲ ಆಗಸ್ಟ್ 15ರ ರಜೆ ಸೇರಿಸಿಕೊಂಡು. ಕೊಡಗು ಹಸಿರಾಗಿರೋದು ಆಗಲೇ ಅಂತ.

ತೋಟದಂಗಳ
ಅದು ಕಕ್ಕಡ, ಕೊಡಗಿನ ಜೋರು ಮಳೆಯ ತಿಂಗಳು. ತುಳುವಿನಲ್ಲಿ ಆಟಿ. ಆ ತಿಂಗಳು ನಾವೇ ಕೆಲಸವಿಲ್ಲದೆ ಹೊರಗೆ ಕಾಲಿಡುವುದಿಲ್ಲ. ನೀವು ನಕ್ಷೆಯಲ್ಲಿ ನೋಡಿದ ರಸ್ತೆ ಸುಳ್ಳಲ್ಲ, ಅದು ಫೆಬ್ರವರಿಯ ರಸ್ತೆ. ಮಳೆಗಾಲದಲ್ಲಿ ಮೋಡ ಮುಚ್ಚಿರುತ್ತದೆ, ಸ್ಪಷ್ಟ ಚಿತ್ರ ಸಿಗುವುದೇ ಬೇಸಿಗೆಯಲ್ಲಿ. ಪಾಚಿ ಆ ಚಿತ್ರದಲ್ಲಿ ಹೇಗೆ ಕಾಣಬೇಕು ಹೇಳಿ.

ನಾನು ಯಾರಿಗಾದರೂ ದಾರಿ ಹೇಳುವಾಗ ಮೊದಲು ನೋಡುವುದು ಆ ರಸ್ತೆಯಲ್ಲಿ ಬಸ್ ಉಂಟಾ ಎಂದು. ಬಸ್ ಓಡುವ ರಸ್ತೆಯಲ್ಲಿ ಬರೆ, ಅಂದರೆ ಪಕ್ಕದ ಗುಡ್ಡದ ಇಳಿಜಾರು, ಕುಸಿದರೆ ಯಾರಾದರೂ ಫೋನ್ ಮಾಡುತ್ತಾರೆ, ಜೆಸಿಬಿ ಬರುತ್ತದೆ, ಮಣ್ಣು ತೆಗೆಯುತ್ತಾರೆ. ಜೀಪು ಮಾತ್ರ ಹೋಗುವ ದಾರಿಯಲ್ಲಿ ಕುಸಿದರೆ ಕಾಫಿ ಕುಯ್ಲಿನ ಹೊತ್ತಿಗೆ ತೋಟದವರೇ ಸರಿ ಮಾಡಿಸಿಕೊಳ್ಳಬೇಕು. ಆ ಗೇಟಿನ ದಾರಿ ಅಂಥದ್ದೇ. ಎರಡನೆಯದು, ರಸ್ತೆ ಶುರುವಾಗುವಲ್ಲಿ ಗ್ರಾಮ ಸಡಕ್ ಯೋಜನೆಯ ಬೋರ್ಡು ಉಂಟಾ ನೋಡಿ. ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವಾಗ ಮುಗಿಯಿತು ಎಂದೆಲ್ಲ ಬರೆದಿರುತ್ತಾರೆ. ಮುಗಿದ ಮೇಲೆ ಐದು ವರ್ಷ ಗುತ್ತಿಗೆದಾರನೇ ನೋಡಿಕೊಳ್ಳಬೇಕು. ಆ ಅವಧಿ ಕಳೆದಿದ್ದರೆ ವಿಚಾರಿಸಿ ಹೋಗಿ.

ಮೂರನೆಯದು ಮಳೆ ಲೆಕ್ಕ. ಇಲ್ಲಿ ತೋಟದ ಅಂಗಳದಲ್ಲಿ ಮಳೆಮಾಪಕ ಇಟ್ಟು, ಬೆಳಿಗ್ಗೆ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು) ಎಂದು ಪುಸ್ತಕದಲ್ಲಿ ಬರೆಯುತ್ತೇವೆ. ನನ್ನಪ್ಪ ಬರೆದಿಟ್ಟದ್ದೂ ಮನೆಯಲ್ಲಿ ಉಂಟು. ಒಂದು ಇಂಚು ಅಂದರೆ 25.4 ಮಿ.ಮೀ. ಒಂದೇ ದಿನ ಐದು ಇಂಚು ಹೊಡೆದು ಬಿಟ್ಟರೆ ನನಗೆ ಅಷ್ಟು ಹೆದರಿಕೆ ಇಲ್ಲ. ದಿನಕ್ಕೆ ಮೂರು ಇಂಚಿನಂತೆ ವಾರ ಬಿಡದೆ ಹೊಯ್ದರೆ ಬರೆಯೊಳಗೆ ನೀರು ಇಳಿದಿರುತ್ತದೆ, ಆಮೇಲೆ ಬಿಸಿಲು ಬಂದ ದಿನವೂ ಕುಸಿಯಬಹುದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡವೇ ಇಳಿದು ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿರಬೇಕು. ಹಾಗಾಗಿ ಇವತ್ತಿನ ಮಳೆ ನೋಡಬೇಡಿ, ಹಿಂದಿನ ವಾರದ ಒಟ್ಟು ನೋಡಿ. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರ ವರುಣಮಿತ್ರಕ್ಕೆ ಫೋನ್ ಮಾಡಿದರೆ ಮುನ್ಸೂಚನೆಯೂ ಹೇಳುತ್ತಾರೆ. ದಾರಿಯಲ್ಲಿ ಡಾಂಬರಿನ ಅಂಚಿಗೆ ಉದ್ದಕ್ಕೆ ಬಿರುಕು, ವಾಲಿದ ಮರ, ಬರೆಯಿಂದ ಕೆಂಪು ನೀರು, ಈ ಮೂರರಲ್ಲಿ ಒಂದು ಕಂಡರೂ ಅಲ್ಲಿ ನಿಂತು ಫೋಟೋ ತೆಗೆಯಬೇಡಿ.

ನಕ್ಷೆಹುಚ್ಚು
ತೋಟದಂಗಳ ಅವರು ಬರೆದದ್ದನ್ನ ಸೇವ್ ಮಾಡ್ಕೊಂಡೆ. ಎರಡುಗಾಲಿಯವರೇ, ಆ್ಯಪಲ್ಲಿ ಸೈಕಲ್ ಬಗೆ ಅಂತ ಆಯ್ಕೆ ಇರುತ್ತಲ್ಲ, ಅದರಲ್ಲಿ ಏನಿದೆ ನೋಡಿ ಹೇಳ್ತೀರಾ? ರೋಡ್, ಟೂರಿಂಗ್, ಮೌಂಟನ್?

ಎರಡುಗಾಲಿ
ಈಗ ನೋಡಿದೆ. ಮೌಂಟನ್ ಬೈಕ್. ಬೆಟ್ಟದ ಊರು ಅಂತ ನಾನೇ ಹಾಗೆ ಇಟ್ಟಿದ್ದೆ.

ನಕ್ಷೆಹುಚ್ಚು
ಗೇಟಿಗೆ ಕಾರಣ ಸಿಕ್ತು. ಆ ಆಯ್ಕೆ ಇದ್ರೆ ಆ್ಯಪ್ ಕಚ್ಚಾ ದಾರಿ ಹುಡುಕಿಕೊಂಡು ಹೋಗುತ್ತೆ. ಡಾಂಬರು ರಸ್ತೆ ಪಕ್ಕದಲ್ಲೇ ಇದ್ರೂ ಬಿಡುತ್ತೆ. ರೋಡ್‌ಗೆ ಬದಲಿಸಿ ಅದೇ ಎರಡು ಊರು ಕೊಟ್ಟು ನೋಡಿ, ನಾಪೋಕ್ಲು ಮೇಲೆ ಬರುತ್ತೆ. ಇನ್ನೊಂದು, ಇಂಥ ಆ್ಯಪ್‌ಗಳಲ್ಲಿ ಬಹಳಷ್ಟು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಮೇಲೆ ನಡೆಯೋದು. ಅದನ್ನ ತುಂಬೋದು ನಮ್ಮಂಥವರೇ. ತೋಟದ ದಾರಿಗೆ ‘ಪ್ರೈವೇಟ್’ ಅಂತ ಯಾರೂ ಗುರುತು ಹಾಕಿಲ್ಲದಿದ್ರೆ ಆ್ಯಪಿಗೆ ಅದು ಊರ ರಸ್ತೆಯೇ. ಗೇಟಿನ ಜಾಗ ನಿಮ್ಮ ರೆಕಾರ್ಡಿಂಗಲ್ಲಿ ಇರುತ್ತೆ, ನೀವೇ ಹಾಕಬಹುದು.

ಏರಿನ ಲೆಕ್ಕಕ್ಕೆ ಬರೋಣ. ರೂಟ್ ಎಳೆದಾಗ ತೋರಿಸೋ ಎತ್ತರ ಸಾಮಾನ್ಯವಾಗಿ ಎಸ್ಆರ್‌ಟಿಎಂ ಥರದ ದತ್ತಾಂಶದಿಂದ ಬರುತ್ತೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಸುತ್ತಿ ರೇಡಾರಲ್ಲಿ ಅಳೆದದ್ದು. ಸುಮಾರು 30 ಮೀಟರಿಗೊಂದು ಚೌಕ. ಎರಡು ತೊಂದರೆ. ಒಂದು, ರೇಡಾರ್ ನೆಲ ಮುಟ್ಟೋ ಮೊದಲೇ ಮರದ ತಲೆಯಿಂದ ವಾಪಸ್ಸಾಗಿರುತ್ತೆ. ತೋಟದ ಸಿಲ್ವರ್ ಓಕ್ ಎತ್ತರವೂ ನಿಮ್ಮ ರಸ್ತೆಗೆ ಸೇರಿಕೊಳ್ಳುತ್ತೆ. ಎರಡು, ಘಾಟಿ ರಸ್ತೆ ಗುಡ್ಡದ ಸೊಂಟದಲ್ಲಿ ಹೋಗುತ್ತೆ, ಗೆರೆ ಸ್ವಲ್ಪ ಪಕ್ಕಕ್ಕೆ ಸರಿದ್ರೂ ಹದಿನೈದು ಇಪ್ಪತ್ತು ಮೀಟರ್ ಮೇಲೋ ಕೆಳಗೋ ಓದುತ್ತೆ. ಪ್ರತಿ ತಿರುವಲ್ಲಿ ಹೀಗೆ ಹತ್ತಿ ಇಳಿದಂತೆ ಕೂಡಿಕೊಂಡು ಒಟ್ಟು ಉಬ್ಬುತ್ತೆ. ಆ್ಯಪ್ ಅದನ್ನ ಎಷ್ಟು ಸವರುತ್ತೆ ಅನ್ನೋದರ ಮೇಲೆ 1,650ಓ 2,400ಓ. ನಾನಾದ್ರೆ ಕಡಿಮೆ ಅಂಕಿಯ ಹತ್ತಿರ ಇಟ್ಕೊಳ್ತೀನಿ. ಆದ್ರೆ ಸವರಿದಾಗ ನೂರು ಮೀಟರಿನ ಕಡಿದಾದ ಏರು ಮಾಯವಾಗಿರುತ್ತೆ, ಕಾಲಿಗೆ ಗೊತ್ತಾಗೋದು ಅದೇ. ಗಾಳಿಯ ಒತ್ತಡದಿಂದ ಎತ್ತರ ಅಳೆಯೋ ಬ್ಯಾರೋಮೀಟರ್ ಇರೋ ಸೈಕಲ್ ಕಂಪ್ಯೂಟರಲ್ಲಿ ಯಾರಾದ್ರೂ ತುಳಿದ ರೆಕಾರ್ಡಿಂಗ್ ಸಿಕ್ರೆ ಅದು ಉತ್ತಮ.

ಚಕ್ರವಾಕ
ಬ್ಯಾರೋಮೀಟರ್ ಅಂದ್ರಿ, ನನ್ನ ಸೆಟಪ್ ಹೇಳ್ತೀನಿ. ಸ್ಟೀಲ್ ಫ್ರೇಮ್, ಮುಂದಿನ ಗಾಲಿಗೆ ಡೈನಮೊ ಹಬ್, ಅದರಿಂದ ಲೈಟು, ಅದರಿಂದಲೇ ಫೋನ್ ಚಾರ್ಜು. ಬ್ರೂಕ್ಸ್ ಚರ್ಮದ ಸೀಟಿಗೆ ಏಳು ವರ್ಷ, ಈಗ ನನ್ನ ಅಳತೆಗೇ ಹೊಲಿದ ಹಾಗಿದೆ. ಬಿಸಿಲೆ ಘಾಟಿಯಲ್ಲಿ ನಿಲ್ಲಿಸಿ ತೆಗೆದ ಫೋಟೋ ಹಾಕ್ತೀನಿ ತಾಳಿ.

ಬೆಳ್ಳಿಸರಪಳಿ
ಚೆಂದ ಇದೆ. ಏರಲ್ಲಿ ಎಂಟು ಕಿಲೋಮೀಟರ್ ವೇಗದಲ್ಲಿ ಫೋನ್ ಚಾರ್ಜ್ ಆಗುತ್ತಾ?

ಚಕ್ರವಾಕ
ಏರಲ್ಲಿ ಹೆಚ್ಚೇನೂ ಆಗಲ್ಲ. ಸಮತಟ್ಟಲ್ಲಿ ಹದಿನೈದು ದಾಟಿದ್ರೆ ಚೆನ್ನಾಗಿ ಆಗುತ್ತೆ. ಅದಕ್ಕೇ ಪವರ್ ಬ್ಯಾಂಕ್ ಮಧ್ಯೆ ಇಟ್ಟಿದ್ದೀನಿ.

ಎರಡುಗಾಲಿ
ದಯವಿಟ್ಟು ದಾರಿ ತಪ್ಪಿಸಬೇಡಿ, ಮೂರನೇ ಸಲ ಹೊರಡೋ ಮೊದಲು ನನಗೆ ಇದು ನಿಜವಾಗ್ಲೂ ಬೇಕು. ತೋಟದಂಗಳ ಅಣ್ಣ, ಯಾವ ತಿಂಗಳು ಬರಲಿ? ಆನೆ ವಿಷಯವೂ ಹೇಳಿ. ಆ್ಯಪ್ ಈಗ ಇನ್ನೊಂದು ದಾರಿ ತೋರಿಸ್ತಿದೆ, ವಾಪಸ್ಸು ಬರುವಾಗ ಕುಟ್ಟದಿಂದ ನಾಗರಹೊಳೆ ಒಳಗೆ ಹುಣಸೂರಿಗೆ. ಹತ್ತಿರ ಅನ್ಸುತ್ತೆ.

ತೋಟದಂಗಳ
ಆ ದಾರಿ ಅಳಿಸಿಬಿಡಿ. ನಾಗರಹೊಳೆ ಒಳಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಗೇಟಿನಿಂದಲೇ ವಾಪಸ್ಸು. ತಿತಿಮತಿ ಆನೆಚೌಕೂರು ಹೆದ್ದಾರಿಯಲ್ಲೇ ಹೋಗಿ, ಅದೂ ಬಿಸಿಲು ಏರಿದ ಮೇಲೆ.

ಆನೆಗೆ ಕಾರು, ಬೈಕು ಬರುವುದು ದೂರದಿಂದ ಕೇಳುತ್ತದೆ, ದಾರಿ ಬಿಡುತ್ತದೆ. ಸೈಕಲ್ ಸದ್ದಿಲ್ಲದೆ ಹತ್ತಿರ ಹೋಗಿಬಿಡುತ್ತದೆ, ಅಪಾಯ ಅದರಲ್ಲಿ. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆ ತೋಟದೊಳಗೇ ಆನೆ ಇರುತ್ತವೆ, ಹಲಸು ಹಣ್ಣಾಗುವಾಗ ಇನ್ನೂ ಜಾಸ್ತಿ. ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ಆ ರಸ್ತೆಗಳಲ್ಲಿ ಬೇಡ. ತಿರುವಿನಲ್ಲಿ ಬೆಲ್ ಹೊಡೆಯುತ್ತಾ ಬನ್ನಿ. ಲದ್ದಿಯಿಂದ ಆವಿ ಏಳುತ್ತಿದ್ದರೆ ನಿಂತುಬಿಡಿ, ಹಿಂದಿನಿಂದ ಜೀಪು ಬರುವವರೆಗೆ ಕಾಯಿರಿ. ಯಾರೂ ನಗುವುದಿಲ್ಲ, ನಾವೂ ಹಾಗೇ ನಿಲ್ಲುತ್ತೇವೆ.

ತಿಂಗಳು ಕೇಳಿದಿರಿ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಳೆ ಇಳಿಯುತ್ತದೆ, ಆದರೆ ರಸ್ತೆ ಅತಿ ಕೆಟ್ಟಿರುವುದು ಆಗಲೇ, ಗುಂಡಿ ಮುಚ್ಚುವುದು ಮಳೆ ಪೂರ್ತಿ ಬಿಟ್ಟ ಮೇಲೆ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ಭಾಗಮಂಡಲದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸುಗ್ಗಿ ಹಬ್ಬ ಪುತ್ತರಿ ಕಳೆದು ಬನ್ನಿ, ಡಿಸೆಂಬರ್, ಜನವರಿ. ಕಾಫಿ ಕುಯ್ಲು ನಡೆಯುತ್ತಿರುತ್ತದೆ, ಒಳರಸ್ತೆಗಳಲ್ಲೂ ಜನ ಇರುತ್ತಾರೆ.

ಎರಡುಗಾಲಿ
ಜನವರಿ ಎರಡನೇ ವಾರ ಅಂತ ರಜೆಗೆ ಬರೆದು ಹಾಕ್ತೀನಿ. ಆಯ್ಕೆ ರೋಡ್‌ಗೆ ಬದಲಿಸಿದೆ, ನಾಪೋಕ್ಲು ಮೇಲೇ ಬಂತು. 32 ಟೈರ್ ಹಾಕಿಸ್ತೀನಿ, ಬ್ರೇಕ್ ಶೂ ಹೊಸದು. ಗೇಟಿನ ಜಾಗವನ್ನ ಇವತ್ತು ರಾತ್ರಿ ನಕ್ಷೆಯಲ್ಲಿ ಗುರುತು ಮಾಡ್ತೀನಿ. ಭಾಗಮಂಡಲದಿಂದ ಕರಿಕೆ ಇಳಿಯೋ ರಸ್ತೆ ಈಗ ಹೇಗಿದೆ ಅಂತ ಯಾರಿಗಾದ್ರೂ ಗೊತ್ತಾ?

ಘಾಟಿಪ್ರಿಯ
32ಕ್ಕೆ 65 ಪಿಎಸ್ಐ ಸಾಕು, ಮೇಲೆ ಹೋಗಬೇಡಿ.

ತೋಟದಂಗಳ
ಕರಿಕೆ ರಸ್ತೆ ನಾನು ನೋಡಿ ಎರಡು ಮಳೆಗಾಲ ಆಯಿತು, ಆ ಮಾತು ಈಗ ಹೇಳಿದರೆ ತಪ್ಪಾಗುತ್ತದೆ. ಶುಕ್ರವಾರ ಭಾಗಮಂಡಲಕ್ಕೆ ಹೋಗಲಿಕ್ಕುಂಟು. ಕರಿಕೆಗೆ ಹೋಗುವ ಬಸ್ಸಿನ ಡ್ರೈವರ್ ಹತ್ತಿರ ಕೇಳಿ ಅದೇ ದಿನ ರಾತ್ರಿ ಬರೆಯುತ್ತೇನೆ.